ನಾನು ಬರೆದ ನರಕ

ಫ್ಲೆಕ್ಸ್ ಬಂದು ನಮ್ಮಂಥವರ ಹೊಟ್ಟೆ ಮೇಲೆ ಹೊಡೆಯುವ ಮುಂಚೆ, ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಹುಣಸೂರಿನಲ್ಲಿ ಬೋರ್ಡು ಬರೆಯುತ್ತಿದ್ದೆ. ರಸಗೊಬ್ಬರದ ಅಂಗಡಿ, ಕಟಿಂಗ್ ಶಾಪು, ಮಿಲಿಟ್ರಿ ಹೋಟೆಲು, ದೇವಸ್ಥಾನದ ಕಮಾನು, ಯಾವುದಾದರೂ ಸೈ. ಜೊತೆಗೆ, ತೀರಿಕೊಂಡವರ ಚಿಕ್ಕ ಫೋಟೊ ತಂದುಕೊಟ್ಟರೆ ಅದನ್ನು ದೊಡ್ಡದಾಗಿ ಬಣ್ಣದಲ್ಲಿ ಬರೆದುಕೊಡುತ್ತಿದ್ದೆ. ಮಾರ್ನಮಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಗೋಡೆ ಮೇಲೆ ಒಂದು ಮುಖ ಬೇಕಲ್ಲ! ಸುತ್ತಮುತ್ತಲ ಎಷ್ಟೋ ಮನೆಗಳ ಅಜ್ಜಂದಿರು ನನ್ನ ಕೈಯಲ್ಲಿ ಒಂಚೂರು ಬೆಳ್ಳಗಾಗಿ, ಒಂಚೂರು ದಪ್ಪಗಾಗಿ, ಹೊಸ ರುಮಾಲು ಸುತ್ತಿಕೊಂಡು ಇವತ್ತಿಗೂ ಕೂತಿದ್ದಾರೆ. ನಮ್ಮಪ್ಪನದೊಂದನ್ನು ಮಾತ್ರ ನಾನು ಬರೆದಿರಲಿಲ್ಲ. ಅಪ್ಪ ಸತ್ತು ಒಂದು ವರ್ಷವಾಗುತ್ತಾ ಬಂದಿತ್ತು. ಅವ್ವ ಕೇಳುತ್ತಲೇ ಇದ್ದಳು, ನಾನು “ಆಯ್ತು ಬುಡವ್ವ, ಬರೀತೀನಿ” ಅನ್ನುತ್ತಲೇ ಇದ್ದೆ.

ಒಂದು ಬೆಳಿಗ್ಗೆ ಅಂಗಡಿ ಮುಂದೆ ಮೊಪೆಡ್ ನಿಲ್ಲಿಸಿ ಒಬ್ಬ ಪಾಸ್ಟರು ಬಂದರು. ವಯನಾಡಿನ ಕಡೆಯವರು, ಪಿರಿಯಾಪಟ್ಟಣದ ರಸ್ತೆಯಲ್ಲಿ ಒಂದು ಶೀಟಿನ ಮನೆ ಹಿಡಿದು ಪ್ರಾರ್ಥನೆ ನಡೆಸುತ್ತಿದ್ದರು. ನನ್ನಂಥ ಮೀಸೆ ಬಂದ ಗಂಡಸನ್ನೂ ‘ಮೋನೇ’, ಅಂದರೆ ಮಗನೇ, ಅಂತ ಮಲಯಾಳದಲ್ಲಿ ಕರೆಯುವ ಅಭ್ಯಾಸ ಅವರದು. ಬರುವ ವಾರ ಮೈದಾನದಲ್ಲಿ ಮೂರು ದಿನ ಕೂಟ ಇದೆ, ಹತ್ತಡಿ ಉದ್ದದ ಬಟ್ಟೆ ಮೇಲೆ ಒಂದು ಚಿತ್ರ ಬೇಕು ಅಂದರು.

“ಏನ್ ಚಿತ್ರ ಪಾಸ್ಟ್ರೇ?”

“ನರಕ,” ಅಂದರು, ಟೀ ಊದಿಕೊಳ್ಳುತ್ತಾ.

ಅವರ ಶಾಸ್ತ್ರದ ಒಂದು ಕತೆ ಹೇಳಿದರು. ಒಬ್ಬ ಸಾಹುಕಾರ, ಅವನ ಬಾಗಿಲಲ್ಲಿ ಮೈಯೆಲ್ಲ ಹುಣ್ಣಾದ ಒಬ್ಬ ಭಿಕ್ಷುಕ. ಇಬ್ಬರೂ ಸಾಯುತ್ತಾರೆ. ಭಿಕ್ಷುಕ ಹಿರಿಯರ ಮಡಿಲಲ್ಲಿ ತಣ್ಣಗಿದ್ದಾನೆ, ಸಾಹುಕಾರ ಬೆಂಕಿಯಲ್ಲಿದ್ದಾನೆ. ಬೆಂಕಿಯಿಂದ ತಲೆಯೆತ್ತಿ ಕೂಗುತ್ತಾನೆ: ಅವನನ್ನು ಕಳಿಸಿ, ಬೆರಳ ತುದಿ ನೀರಲ್ಲಿ ಅದ್ದಿ ನನ್ನ ನಾಲಿಗೆಗೆ ಒಂದು ತೊಟ್ಟು ಬಿಡಲಿ ಅಂತ. ಆಗುವುದಿಲ್ಲ, ನಮಗೂ ನಿಮಗೂ ನಡುವೆ ದೊಡ್ಡ ಕಂದರ ಇದೆ, ಇಲ್ಲಿಂದ ಅಲ್ಲಿಗೂ ಬರುವ ಹಾಗಿಲ್ಲ, ಅಲ್ಲಿಂದ ಇಲ್ಲಿಗೂ ಬರುವ ಹಾಗಿಲ್ಲ ಅಂತ ಉತ್ತರ ಬರುತ್ತದೆ.

“ಎಷ್ಟ್ ವರ್ಷ ಪಾಸ್ಟ್ರೇ?” ಅಂದೆ.

“ಏನು ಎಷ್ಟು ವರ್ಷ?”

“ಬೆಂಕೀಲಿರೋದು.”

ನಮ್ಮ ಕಡೆಯ ನರಕ ನನಗೆ ಚೆನ್ನಾಗಿ ಗೊತ್ತಿತ್ತು. ಕ್ಯಾಲೆಂಡರಿನಲ್ಲಿ ನೋಡಿ ನೋಡಿ ಎರಡು ದೇವಸ್ಥಾನದ ಗೋಡೆಗೆ ಬರೆದೂ ಇದ್ದೆ. ಎಣ್ಣೆ ಕೊಪ್ಪರಿಗೆಯಲ್ಲಿ ಬೇಯಿಸುತ್ತಾರೆ, ಗರಗಸದಲ್ಲಿ ಕುಯ್ಯುತ್ತಾರೆ, ಎಲ್ಲ ಸರಿ. ಆದರೆ ಅದಕ್ಕೊಂದು ಲೆಕ್ಕ ಇದೆ, ಪಾಪ ತೀರಿತು ಅಂದರೆ ನಾಯಿಯಾಗಿಯೋ ಹಂದಿಯಾಗಿಯೋ ಮತ್ತೆ ಕೆಳಗೆ ಬಿಡುತ್ತಾರೆ.

ಪಾಸ್ಟರು ಕನ್ನಡಕ ತೆಗೆದು ಒರೆಸಿದರು. “ವರ್ಷ ಇಲ್ಲ ಮೋನೇ. ಮುಗಿಯೋದಿಲ್ಲ.”

“ಇದ್ಯಾವ ಸೀಮೆ ನ್ಯಾಯ!” ನನಗೆ ರೇಗಿತು. “ನಮ್ ಯಮನೇ ವಾಸಿ ಕಣ್ರೀ.”

ಅವರು ಜಗಳಕ್ಕೆ ಬರಲಿಲ್ಲ. “ಬೆಂಕಿ ದೊಡ್ಡದಲ್ಲ,” ಅಂದರು. “ದೇವರು ಈ ಕಡೆ, ನೀನು ಆ ಕಡೆ. ಕೂಗಿದ್ರೂ ಯಾರೂ ಬರೋದಿಲ್ಲ. ಅದು ದೊಡ್ಡದು. ಈ ನಡುವಿನ ಜಾಗ ಚೆನ್ನಾಗಿ ಬರಿ. ಬಳ್ಳಿ, ಹೂವು, ನಕ್ಷತ್ರ ಏನೂ ಹಾಕಬೇಡ.” ಬೋರ್ಡು ಬರೆಯುವವರ ಚಾಳಿ ಅವರಿಗೆ ಗೊತ್ತಿತ್ತು. ಖಾಲಿ ಜಾಗ ಕಂಡರೆ ನಮಗೆ ಕೈ ಕಡಿಯುತ್ತದೆ, ಒಂದು ಕಮಲವನ್ನಾದರೂ ಕೂರಿಸದೆ ಬಿಡುವುದಿಲ್ಲ.

ಬೆಂಕಿ ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಯಾಕೆಂದರೆ ನಮ್ಮಪ್ಪ ಬೆಂಕಿ ಹಾಕುವವನು. ಹಾರನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಒಬ್ಬ ಗೌಡರ ಹೊಗೆಸೊಪ್ಪಿನ ಬ್ಯಾರನ್ ಇತ್ತು. ಕಿಟಕಿ ಕೂಡ ಸರಿಯಾಗಿಲ್ಲದ ಎತ್ತರದ ಮನೆ ಅದು. ಒಳಗೆ ಸೊಪ್ಪನ್ನು ಕೋಲಿಗೆ ಕಟ್ಟಿ ನೇತುಹಾಕುತ್ತಾರೆ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ನೆಲದ ಮೇಲೆ ಹಾದುಹೋಗುವ ಕೊಳವೆಯಿಂದ ಒಳಗೆ ಶಾಖ ಕೊಡುತ್ತಾರೆ. ಉರಿ ಕಮ್ಮಿಯಾದರೆ ಸೊಪ್ಪು ಹಸುರಾಗೇ ಉಳಿಯುತ್ತದೆ, ಜಾಸ್ತಿಯಾದರೆ ಎಲ್ಲ ಹೋಯಿತು. ಅಪ್ಪ ಇಪ್ಪತ್ತು ವರ್ಷ ಆ ಒಲೆಯ ಬಾಯಿ ಮುಂದೆ ಬೀಡಿ ಕಚ್ಚಿಕೊಂಡು ಕೂತ ಮನುಷ್ಯ. ಒಂದು ಸಲವೂ ಅವನ ಕೈಯಲ್ಲಿ ಸೊಪ್ಪು ಕರಕಲಾಗಿರಲಿಲ್ಲ.

ಅದನ್ನು ಕರಕಲು ಮಾಡಿದವನು ನಾನು. ಇಪ್ಪತ್ತರ ವಯಸ್ಸು. ಅಪ್ಪ ಊಟಕ್ಕೆ ಹೋಗುವಾಗ “ನೋಡ್ಕೊ ಕಣ್ಲಾ” ಅಂತ ಹೇಳಿ ಹೋದ. ನಾನು ಸೌದೆ ತುಂಬಿ, ಇದ್ದಿಲು ತಗೊಂಡು ಗೋಡೆ ಮೇಲೆ ಯಾವುದೋ ಕುದುರೆ ಬರೆಯುತ್ತಾ ಕೂತೆ. ಒಳಗೆ ಶಾಖ ಏರಿ, ಗರಿಗರಿಯಾದ ಸೊಪ್ಪು ಕೊಳವೆ ಮೇಲೆ ಉದುರಿ, ಇಡೀ ಬ್ಯಾರನ್ನೇ ಹತ್ತಿಕೊಂಡಿತು. ಊರೆಲ್ಲ ಸೇರಿದ ಮೇಲೆ ಅಪ್ಪ ಅದೇ ಊರಿನ ಮುಂದೆ ನನಗೆ ಸೌದೆಯಲ್ಲಿ ಬಡಿದ. “ನನ್ ಪಾಲಿಗೆ ನೀ ಸತ್ತೆ, ಹೋಗು” ಅಂದ. ನಾನೂ ಅವನ ಮಗನೇ ಅಲ್ಲವೇ, ಹೋದೆ. ಐದು ವರ್ಷ ಮಾತಿಲ್ಲ ಕತೆಯಿಲ್ಲ. ಅವ್ವ ಮಾತ್ರ ಹುಣಸೂರಿಗೆ ಬಂದು ನೋಡಿಕೊಂಡು ಹೋಗುತ್ತಿದ್ದಳು.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಜೀವ ಹೋಗುವ ಹೊತ್ತಿಗೆ ಮಗನಾದವನು ಬಾಯಿಗೆ ನೀರು ಬಿಡಬೇಕು. ಅಪ್ಪನಿಗೆ ಕಾಯಿಲೆ ಜೋರಾಗಿದೆ ಅಂತ ನನಗೆ ಮೂರು ಸಲ ಹೇಳಿ ಕಳಿಸಿದ್ದರು. ನಾನು ಹೋದದ್ದು ಮಣ್ಣು ಮಾಡಿ ಎಲ್ಲ ಮುಗಿದ ಮೇಲೆ.

ಈಗ ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಅಂಗಡಿ ಹಿಂದಿನ ಗೋಡೆಗೆ ಮೊಳೆ ಹೊಡೆದು ಬಟ್ಟೆ ಬಿಗಿದು ಅಂಟು ಬಳಿದು ಒಣಗಿಸಿದೆ. ಎಡಗಡೆ ಬೆಳಕು, ಬಲಗಡೆ ಬೆಂಕಿ, ಅರ್ಧ ದಿನದಲ್ಲಿ ಮುಗಿಯಿತು. ನಡುವಿನ ಜಾಗ ಮಾತ್ರ ಪ್ರಾಣ ತಿಂದಿತು. ನೀಲಿ ಬಳಿದರೆ ಹೊಳೆಯ ಥರ ಕಾಣುತ್ತಿತ್ತು, ಹೊಳೆ ಅಂದ ಮೇಲೆ ದೋಣಿ ಬರುವುದಿಲ್ಲವೇ? ಕಂದು ಬಳಿದರೆ ಹಳ್ಳ, ಇಳಿದು ಹತ್ತಬಹುದು. ಕೊನೆಗೆ ಬರೀ ಕಪ್ಪು ಬಳಿದೆ, ಒಂದರ ಮೇಲೊಂದು ಮೂರು ಸಲ. ಅದರ ಮುಂದೆ ನಿಲ್ಲುವುದಕ್ಕೇ ಆಗದೆ ಹತ್ತು ಸಲ ಹೊರಗೆ ಹೋಗಿ ಬಂದೆ, ಟೀ ಕುಡಿದೆ, ಸುಮ್ಮಸುಮ್ಮನೆ ಸೈಕಲ್ ಶಾಪಿನವನ ಮೇಲೆ ಕೂಗಾಡಿದೆ. “ಏನ್ಲಾ ಆಗೈತೆ ನಿಂಗೆ, ಇರುವೆ ಬಿಟ್ಕೊಂಡೋನಂಗೆ ಆಡ್ತೀಯಲ್ಲ” ಅಂತ ಅವನು ಬೈದ.

ಸಾಹುಕಾರನ ಮುಖವೊಂದು ಉಳಿದಿತ್ತು. ಮುಂದೆ ಯಾವ ಫೋಟೊವನ್ನೂ ಇಟ್ಟುಕೊಳ್ಳದೆ ಬರೆಯಲು ಕೂತೆ. ಮೇಲೆತ್ತಿದ ಮುಖ, ನೀರಿಗೆ ತೆರೆದ ಬಾಯಿ. ಬೇರೆ ಕೆಲಸದಲ್ಲಿ ಮುಖಕ್ಕೆ ಎರಡು ದಿನ ತಗೊಳ್ಳುವವನು ಇದನ್ನು ಒಂದು ಗಂಟೆಯಲ್ಲಿ ಮುಗಿಸಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಅಯ್ಯಯ್ಯೋ, ಅಪ್ಪ! ಅದೇ ಒಳಸೇರಿದ ಕೆನ್ನೆ, ಅದೇ ಗಂಟಲ ಗುಣಿ.

ಒರೆಸೋಣ ಅಂದರೆ ಕೂಟ ಮರುದಿನ ಬೆಳಿಗ್ಗೆಗೇ ಇತ್ತು, ಪಾಸ್ಟರ ಕಡೆಯವರು ಬಟ್ಟೆಗೆ ಬಂದು ನಿಂತಿದ್ದರು. ಸರಸರನೆ ಒಂದು ಜರಿ ರುಮಾಲು ಸುತ್ತಿದೆ, ಕಿವಿಗೆ ಕಡುಕು ಹಾಕಿದೆ, ಮೀಸೆ ದಪ್ಪ ಮಾಡಿದೆ. ಅಪ್ಪ ರುಮಾಲು ಸುತ್ತಿಕೊಂಡು, ಕಡುಕು ಹಾಕಿಕೊಂಡು, ಬೆಂಕಿಯಲ್ಲಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. ಬೆಂಕಿ ಅಂದರೆ ನನಗೆ ಅಪ್ಪ, ಅದಕ್ಕೇ ಕೈ ತನ್ನ ಪಾಡಿಗೆ ಹೋಗಿದೆ, ಅಷ್ಟೇ, ಅಂತ ಸಮಾಧಾನ ಹೇಳಿಕೊಂಡು ಬಟ್ಟೆ ಸುತ್ತಿಕೊಟ್ಟೆ.

ಮೈದಾನದಲ್ಲಿ ಶಾಮಿಯಾನದ ಪಕ್ಕ ರಸ್ತೆಗೆ ಮುಖ ಮಾಡಿ ಅದನ್ನು ಕಟ್ಟಿದರು. ಬಸ್ ಸ್ಟ್ಯಾಂಡಿನಿಂದ ನನ್ನ ಅಂಗಡಿಗೆ ಬರುವವರು ಅದನ್ನು ದಾಟದೆ ಬರುವ ಹಾಗೇ ಇಲ್ಲ. ಅವ್ವ ಆ ವಾರವೇ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಮಾರ್ನಮಿ ಹತ್ತಿರ ಬಂದಿತ್ತು, ಈ ಸಲ ಫೋಟೊ ಇಲ್ಲದೆ ಎಡೆ ಇಡುವುದಿಲ್ಲ ಅಂತ ಪಟ್ಟು. ಯಾವ ದಿನ ಅಂತ ಮಾತ್ರ ಹೇಳಿರಲಿಲ್ಲ. ತಾಳಿ ಕಟ್ಟಿದವನು ಬೆಂಕಿಯಲ್ಲಿ ಬೇಯುತ್ತಿರುವುದನ್ನು, ಅದೂ ಹೊಟ್ಟೆಯಲ್ಲಿ ಹುಟ್ಟಿದವನೇ ಬರೆದದ್ದನ್ನು ಅವಳು ನೋಡಿದರೆ ಏನು ಗತಿ? ಮೊದಲ ದಿನ ಪಿರಿಯಾಪಟ್ಟಣದ ಕಡೆಯಿಂದ ಬಂದ ಒಂದೊಂದು ಬಸ್ಸಿಗೂ ಹೋಗಿ ನಿಂತೆ. ಅವ್ವ ಇಳಿಯಲಿಲ್ಲ.

ಮಧ್ಯಾಹ್ನ ಪಾಸ್ಟರನ್ನು ಹಿಡಿದೆ. “ಆ ಮೊಕ ಬದಲಾಯಿಸ್ತೀನಿ, ಬಟ್ಟೆ ಇಳಿಸಿ ಕೊಡಿ.”

“ಯಾಕೆ ಮೋನೇ? ಜನ ಅದನ್ನೇ ನೋಡಿ ನಿಲ್ತಾರೆ.”

“ಅದು ನಮ್ಮಪ್ಪ ಕಣ್ರೀ!”

ಅವರ ಮುಖ ಬಿಳಿಚಿತು. ಪಕ್ಕದ ಕುರ್ಚಿಯಲ್ಲಿ ಕೂತರು. “ಅವರು ಯೇಸುವನ್ನು ತಿಳಿದಿದ್ರಾ?” ಅಂತ ಮೆಲ್ಲಗೆ ಕೇಳಿದರು.

“ಅವ್ನಿಗೆ ತಿಳ್ದಿದ್ದು ಮಾದಪ್ಪ, ಬೀಡಿ, ಬ್ಯಾರನ್ನು. ಅಂಗಾದ್ರೆ ನಮ್ಮಪ್ಪ ಅಲ್ಲೇ ಅವ್ನೆ ಅಂತೀರಾ? ಬಾಯ್ ಬುಟ್ಟು ಹೇಳಿ.”

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವ ಇರುವುದು ಅದಕ್ಕೇ. “ನನ್ನ ಅಜ್ಜಿ ನನ್ನನ್ನು ಸಾಕಿದವಳು,” ಅಂದರು. “ತಿಳಿಯದೇ ಸತ್ತಳು. ನಾನು ನಂಬಿರೋದು ನಿಜ ಆದ್ರೆ ಅವಳು ಎಲ್ಲಿದ್ದಾಳೆ ಅಂತ ನನಗೆ ಗೊತ್ತು. ಸರಿಯಾಗಿ ಊಟ ಸೇರೋದಿಲ್ಲ ಮೋನೇ. ಅದಕ್ಕೇ ಈ ಮೊಪೆಡ್ ಹತ್ತಿ ಊರೂರು ತಿರುಗೋದು. ಬೇರೆಯವರ ಅಜ್ಜಿಗಾದ್ರೂ ಹೇಳೋಣ ಅಂತ.”

ಬೈಯಬೇಕು ಅಂತ ಬಂದವನು ಅವರ ಪಕ್ಕದಲ್ಲೇ ಕೂತೆ. ಮರುದಿನ ನಾನು ಊರಲ್ಲಿರುವುದಿಲ್ಲ ಅಂದಾಗ, ಹಾಗಾದರೆ ಮೂರನೇ ದಿನ ಬೆಳಿಗ್ಗೆ, ಜನ ಸೇರುವ ಮುಂಚೆ ಬಂದು ಅಳಿಸು ಅಂದರು ಪಾಸ್ಟರು.

ಎರಡನೇ ದಿನ ಕೋಟೆಗೆ ಹೋಗಲೇಬೇಕಿತ್ತು. ಹೆಗ್ಗಡದೇವನಕೋಟೆಯಲ್ಲಿ ಕ್ಯಾಥೊಲಿಕ್ ಸಿಸ್ಟರುಗಳು ನಡೆಸುತ್ತಿದ್ದ ಒಂದು ಚಿಕ್ಕ ಆಸ್ಪತ್ರೆಯ ಬೋರ್ಡು ಬರೆದುಕೊಡುವೆನೆಂದು ಒಪ್ಪಿಕೊಂಡಿದ್ದೆ. ಏಣಿ ಮೇಲೆ ನಿಂತು ಅಕ್ಷರ ತುಂಬುತ್ತಿದ್ದರೂ ತಲೆಯೆಲ್ಲ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ. ಅವ್ವ ಇಳಿದಳೋ, ನೋಡಿದಳೋ? ‘ಹೆರಿಗೆ’ ಅನ್ನುವಲ್ಲಿ ಒಂದು ಅಕ್ಷರವನ್ನೇ ನುಂಗಿದೆ. ಕೆಳಗೆ ನಿಂತಿದ್ದ ವಯಸ್ಸಾದ ಸಿಸ್ಟರು, “ಏನಪ್ಪಾ, ಹುಷಾರಿಲ್ವಾ?” ಅಂದರು. ಏಣಿ ಇಳಿದು, ಬೆಂಕಿ, ಅಪ್ಪ, ಮುಗಿಯದ ವರ್ಷ, ಎಲ್ಲವನ್ನೂ ಅವರ ಮೇಲೆ ಸುರಿದುಬಿಟ್ಟೆ. ನೀವೂ ಅದೇ ದೇವರಿನವರಲ್ಲವೇ, ನೀವೇನು ಹೇಳುತ್ತೀರಿ ಅಂತ ಕೇಳಿದೆ.

“ನರಕ ಇದೆ,” ಅಂದರು ಸಿಸ್ಟರು. “ಮುಗಿಯದ್ದೂ ಹೌದು. ಆದ್ರೆ ನಮ್ಮ ಸಭೆ ಇಂಥವರು ಸ್ವರ್ಗದಲ್ಲಿದ್ದಾರೆ ಅಂತ ಹೆಸರು ಹಿಡಿದು ಹೇಳುತ್ತೆ. ನರಕದಲ್ಲಿ ಇಂಥವನಿದ್ದಾನೆ ಅಂತ ಯಾರ ಹೆಸರನ್ನೂ ಹೇಳೋದಿಲ್ಲ. ನಿಮ್ಮಪ್ಪಂದು ಹೇಳೋದಕ್ಕೆ ನಾನ್ಯಾರು, ನೀನ್ಯಾರು? ಸತ್ತವರಿಗೋಸ್ಕರ ನಾವು ದಿನಾ ಪ್ರಾರ್ಥನೆ ಮಾಡ್ತೀವಿ, ಅವರನ್ನೂ ಸೇರಿಸಿಕೊಳ್ತೀನಿ.”

ಎದೆ ಹಗುರಾಯಿತು. ಸಾಕು ಮಾಡಿ ಏಣಿ ಹತ್ತಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! “ಮತ್ತೆ ಅಲ್ಲಿಗೆ ಹೋಗೋರು ಯಾರು ಸಿಸ್ಟರ್?”

“ದೇವರು ಯಾರನ್ನೂ ನೂಕೋದಿಲ್ಲ ಕಣಪ್ಪ. ಕರೀತಾನೇ ಇರ್ತಾನೆ. ಕರೆದವರ ಕಡೆ ಕೊನೇವರೆಗೂ ತಿರುಗಿ ನೋಡದೆ ಹೋಗೋದಿದೆಯಲ್ಲ, ಅದೇ ನರಕ.”

ಕೆಲಸ ಮುಗಿಸಿ ಕೋಟೆಯ ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತಾಗ ಆ ಮಾತು ತಿವಿಯಿತು. ಹೋದ ವರ್ಷ ಅಪ್ಪನಿಗೆ ಜೋರಾದಾಗ ನಾನಿದ್ದದ್ದು ಇದೇ ಕೋಟೆಯಲ್ಲಿ, ಒಂದು ಕಲ್ಯಾಣ ಮಂಟಪದ ಗೋಡೆ ಬರೆಯುತ್ತಾ. ಮೂರನೇ ಸಲ ಹೇಳಿ ಕಳಿಸಿದಾಗ ಬ್ಯಾಗು ಹಿಡಿದು ಇದೇ ಬಸ್ ಸ್ಟ್ಯಾಂಡಿಗೆ ಬಂದಿದ್ದೆ. ಹುಣಸೂರಿನ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಹತ್ತಲಿಲ್ಲ. ಊರ ಮುಂದೆ ಹೊಡೆದನಲ್ಲ, ಸತ್ತೆ ಅಂದನಲ್ಲ, ಬೇಕಾದರೆ ಅವನೇ ನನ್ನ ಹೆಸರು ಹಿಡಿದು ಕರೆಯಲಿ, ಅವ್ವನ ಕೈಯಲ್ಲಿ ಹೇಳಿಸುವುದೇನು ಅಂತ ಹಟ. ಎದ್ದು ವಾಪಸ್ ಗೋಡೆ ಬರೆಯಲು ಹೋದೆ. ಮರುದಿನ ಸಾವಿನ ಸುದ್ದಿ ಬಂತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವ್ವನಿಗೆ ಬಸ್ಸು ಸಿಗಲಿಲ್ಲ ಅಂತ ಸುಳ್ಳು ಹೇಳಿದ್ದೆ.

ಮೂರನೇ ದಿನ ಬೆಳಿಗ್ಗೆ ಕಪ್ಪು ಬಣ್ಣದ ಡಬ್ಬ, ಬ್ರಷ್ಷು, ಟರ್ಪಂಟೈನ್ ಹಿಡಿದು ಮೈದಾನಕ್ಕೆ ಓಡಿದೆ. ಶಾಮಿಯಾನ ಖಾಲಿ. ಬಟ್ಟೆಯ ಮುಂದೆ ನೆಲದ ಮೇಲೆ ಕಾಲು ಚಾಚಿಕೊಂಡು, ಪಕ್ಕದಲ್ಲಿ ಬ್ಯಾಗು ಇಟ್ಟುಕೊಂಡು ಅವ್ವ ಕೂತಿದ್ದಳು. ಮೊದಲ ಬಸ್ಸಿಗೇ ಬಂದಿದ್ದಾಳೆ.

“ಬಂದ್ಯಾ ಮಗ?” ಅಂದಳು, ಬಟ್ಟೆಯಿಂದ ಕಣ್ಣು ತೆಗೆಯದೆ.

“ಅವ್ವ, ಅದು ಯಾರೋ ಸಾವ್ಕಾರ ಕಣವ್ವ, ಅವ್ರ ಕತೇಲಿ ಬತ್ತಾನೆ...”

“ಸುಮ್ಕಿರ್ಲಾ. ಮೂವತ್ ವರ್ಷ ಬಾಳಾಟ ಮಾಡಿವ್ನಿ, ನಂಗ್ ಗೊತ್ತಾಗಕಿಲ್ವಾ? ಕಡುಕು ಯಾಕಾಕ್ದೆ? ಅವ್ನ್ ಕಿವಿ ಚುಚ್ಚೇ ಇರ್ನಿಲ್ಲ.”

ಅಳುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಅಂತ ಕಾದೆ. ಅವಳು ಸುಮ್ಮನೆ ನೋಡುತ್ತಲೇ ಇದ್ದಳು. ನಾನು ಒಂದೇ ಉಸಿರಿಗೆ ಒದರಿದೆ: “ಬೇಕಂತ ಬರೀನಿಲ್ಲ ಕಣವ್ವ. ಬೆಂಕಿ ಅಂದ್ರೆ ನಂಗೆ ಬ್ಯಾರನ್ನೇ ನೆಪ್ಪಾಗೋದು, ಒಲೆ ಮುಂದೆ ಅಪ್ಪ ಕೂತಿರೋದೇ ನೆಪ್ಪಾಗೋದು, ಅದ್ಕೇ ಕೈ ಅಂಗೋಯ್ತು.”

“ಬ್ಯಾರನ್ ಮುಂದೆ ಅವ ಯಾವತ್ತು ಇಂಗ್ ಬಾಯ್ ತಕ್ಕೊಂಡು ಕೂತಿದ್ದ?” ಅಂದಳು ಅವ್ವ. “ಯಾವಾಗ್ಲೂ ಬೀಡಿ ಕಚ್ಕೊಂಡಿರೋನು.”

ನಾನು ಬಟ್ಟೆಯ ಹತ್ತಿರ ಹೋಗಿ ಆ ಬಾಯಿಯನ್ನು ಮತ್ತೆ ನೋಡಿದೆ.

“ಇದು ಕೊನೇ ಮೂರ್ ದಿವ್ಸದ ಮೊಕ ಕಣ್ಲಾ,” ಅಂದಳು. “ಇಂಗೇ ಇದ್ದ. ಮೊಕ ಮ್ಯಾಕ್ ಮಾಡ್ಕೊಂಡು, ಬಾಕ್ಲು ಕಡೆ ನೋಡ್ಕೊಂಡು. ನೀನೆಂಗ್ ಕಂಡೆ? ನೀ ಇರ್ನಿಲ್ವಲ್ಲ.”

ನಾನು ಡಬ್ಬ ಕೆಳಗಿಟ್ಟೆ. ಅವ್ವ ನನ್ನ ಕಡೆ ತಿರುಗಲಿಲ್ಲ.

“ನೀರ್ ಬುಡೋಕೆ ನಿಮ್ ಚಿಕ್ಕಪ್ಪ ಬಂದ. ಹಲ್ ಕಚ್ಕೊಂಡ. ನಾ ಬುಡೋಕ್ ಹೋದ್ರೆ ಮೊಕ ತಿರುಗಿಸ್ದ. ‘ಅವ ಬಂದು ಬುಡ್ಲಿ’ ಅಂದ. ಅದೇ ಕೊನೇ ಮಾತು. ಆಮ್ಯಾಕೆ ಮಾತ್ ನಿಂತೋಯ್ತು, ಬಾಯ್ ಮಾತ್ರ ಇಂಗೇ ತಕ್ಕೊಂಡಿದ್ದ. ಒಂದ್ ತೊಟ್ಟೂ ಇಳೀನಿಲ್ಲ ಕಣ ಮಗ, ಒಣಗಿದ್ ಗಂಟ್ಲಲ್ಲೇ ಹೋದ.”

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಸಣ್ಣ ಮಗುವಿನ ಹಾಗೆ, ರಸ್ತೆಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಅತ್ತೆ. ಬೆಂಕಿಯಲ್ಲಿ ಅವನನ್ನು ಇಟ್ಟದ್ದು ಪಾಸ್ಟರ ದೇವರಲ್ಲ, ಯಮನಲ್ಲ, ನಾನು. ಕಂದರ ಅಂತ ಮೂರು ಕೋಟು ಬಳಿದೆನಲ್ಲ, ಆ ಮೂರು ದಿನ ಅದರ ಆಚೆ ನಿಂತು ಅಪ್ಪ ಕೂಗಿದ್ದು ನನ್ನನ್ನೇ. ಬಸ್ಸು ಇತ್ತು, ನಾನೇ ಹತ್ತಲಿಲ್ಲ ಅಂತ ಅವ್ವನಿಗೆ ಹೇಳಿದೆ. ಅವಳು “ಗೊತ್ತು” ಅಂದಳು.

“ಮತ್ಯಾಕವ್ವ ಇಷ್ಟ್ ದಿನ ಒಂದ್ ಮಾತೂ ಹೇಳ್ನಿಲ್ಲ?”

“ನೀ ಯಾವತ್ತು ಕೇಳ್ದೆ?”

ಕೇಳಿರಲಿಲ್ಲ. ಒಂದು ವರ್ಷದಲ್ಲಿ ಎಷ್ಟು ಸಲ ಊರಿಗೆ ಹೋಗಿದ್ದೇನೆ, ಉಂಡಿದ್ದೇನೆ, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದಿದ್ದೇನೆ. ಅಪ್ಪ ಹೇಗೆ ಸತ್ತ ಅಂತ ಒಂದು ಸಲವೂ ಕೇಳಿರಲಿಲ್ಲ. ಆವತ್ತು ಕೇಳಿದೆ. ಅವ್ವ ಮೊದಲ ದಿನದ ಜ್ವರದಿಂದ ಶುರುಮಾಡಿ ಮೂರು ದಿನದ್ದನ್ನೂ ಹೇಳಿದಳು. ಬಿಸಿಲೇರಿತು, ಜನ ಕೂಟಕ್ಕೆ ಬಂದು ನಮ್ಮ ಸುತ್ತ ಕೂರತೊಡಗಿದರು, ಪಾಸ್ಟರು ದೂರದಲ್ಲಿ ಬಂದು ನಿಂತವರು ನಿಂತೇ ಇದ್ದರು. ಅವಳು ಹೇಳಿ ಮುಗಿಸುವವರೆಗೆ ನಾನು ಎದ್ದು ಹೋಗಲಿಲ್ಲ.